ಸವಳಂಗದ ಹತ್ತೊಂಬತ್ತು

ಶಿವಮೊಗ್ಗದಲ್ಲಿ ಸವಳಂಗ ರಸ್ತೆಯನ್ನು ಯಾರನ್ನು ಕೇಳಿದರೂ ತೋರಿಸುತ್ತಾರೆ. ಸವಳಂಗದಲ್ಲೇ ಇಳಿದವರು ಮಾತ್ರ ಅಷ್ಟಾಗಿ ಸಿಗುವುದಿಲ್ಲ. ಹೆಚ್ಚಿನವರ ಪಾಲಿಗೆ ಆ ರಸ್ತೆ ನವುಲೆಯ ಇಂಜಿನಿಯರಿಂಗ್ ಕಾಲೇಜು, ಕೃಷಿ ಕಾಲೇಜು, ಕ್ರಿಕೆಟ್ ಮೈದಾನದ ಹತ್ತಿರವೇ ಮುಗಿದುಹೋಗುತ್ತದೆ. ಅದರಾಚೆ ಬಸ್ಸಿನಲ್ಲಿ ಉಳಿದವರು ಶಿಕಾರಿಪುರಕ್ಕೋ ಶಿರಾಳಕೊಪ್ಪಕ್ಕೋ ಟಿಕೆಟ್ ತೆಗೆದಿರುತ್ತಾರೆ. ಅವರಿಗೆ ಸವಳಂಗವೆಂದರೆ ಕಿಟಕಿಯಲ್ಲಿ ಬಂದುಹೋಗುವ ದೊಡ್ಡದೊಂದು ಕೆರೆ. ನಾನೂ ಬಳ್ಳಿಗಾವೆಯ ಕೇದಾರೇಶ್ವರ ದೇವಸ್ಥಾನ ನೋಡಲು ಹೊರಟವನೇ. ಕೆರೆ ತುಂಬಿತ್ತು, ಇಳಿದುಬಿಟ್ಟೆ.

ದೀಪಾವಳಿ ಆಗಷ್ಟೇ ಕಳೆದಿತ್ತು. ಅಬ್ಬಲಗೆರೆ ದಾಟಿದ ಮೇಲೆ ಅಡಿಕೆ ತೋಟದ ಹಸಿರು, ಮೆಕ್ಕೆಜೋಳದ ಹಳದಿ ಎರಡೂ ಪೈಪೋಟಿಯಲ್ಲಿ ಬರುತ್ತವೆ. ಜೋಳ ಮುರಿದು, ಬಿಡಿಸಿ, ರಸ್ತೆಯ ಅಂಚಿಗೆ ಉದ್ದಕ್ಕೂ ಹರವಿದ್ದರು. ಸವಳಂಗಕ್ಕೆ ಒಂದು ತಮಾಷೆಯ ಚರಿತ್ರೆಯಿದೆ. 1997ರವರೆಗೆ ಇದು ಶಿವಮೊಗ್ಗ ಜಿಲ್ಲೆ. ಆ ವರ್ಷ ಹೊನ್ನಾಳಿ, ಚನ್ನಗಿರಿಗಳ ಜೊತೆ ಹೊಸ ದಾವಣಗೆರೆ ಜಿಲ್ಲೆಗೆ ಬಂತು. 2018ರಲ್ಲಿ ಹೊನ್ನಾಳಿಯಿಂದಲೂ ಬೇರೆಯಾಗಿ ನ್ಯಾಮತಿ ತಾಲ್ಲೂಕಾಯಿತು. ಊರು ಕೂತಲ್ಲೇ ಕೂತಿದೆ, ಕಚೇರಿಗಳು ಮಾತ್ರ ಅದರ ಸುತ್ತ ಓಡಾಡಿವೆ. ಇಲ್ಲಿನ ಮಾತಿನಲ್ಲಿ ಮಲೆನಾಡೂ ಇದೆ, ಬಯಲುಸೀಮೆಯೂ ಇದೆ. ಒಬ್ಬನೇ ಮನುಷ್ಯ ಒಂದೇ ಉಸಿರಿನಲ್ಲಿ ‘ಇದೆ’ ಎಂದೂ ‘ಐತಿ’ ಎಂದೂ ಹೇಳುವುದನ್ನು ಕೇಳಿದೆ.

ಕೆರೆಯ ಮೇಲಿನಿಂದ ತಣ್ಣನೆ ಗಾಳಿ ಬರುತ್ತಿತ್ತು. ಸ್ವಲ್ಪ ದೂರದಲ್ಲಿ ಜೋಳದ ರಾಶಿ ಕಾಯುತ್ತ ನಾಲ್ವರು ತಾಡಪಾಲಿನ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ಕೂತಿದ್ದರು. ಮಧ್ಯೆ ಇಸ್ಪೀಟು ಎಲೆ.

ಬೆಂಗಳೂರಿನಲ್ಲಿ ಬ್ರಿಜ್ ಆಡುವ ನನ್ನಂಥವನಿಗೆ ಎಲೆ ಕಂಡರೆ ಕಾಲು ತಾನಾಗಿ ಆ ಕಡೆ ಹೋಗುತ್ತದೆ. ಯುಗಾದಿ, ದೀಪಾವಳಿ ಆಸುಪಾಸಿನಲ್ಲಿ ನಮ್ಮ ಹಳ್ಳಿಗಳಲ್ಲಿ ಎಲೆ ಬೀಳುವುದು ಹೊಸದಲ್ಲ. ಅದು ಬಹುಮಟ್ಟಿಗೆ ಅಂದರ್ ಬಾಹರ್, ದುಡ್ಡಿನ ಆಟ, ಪೊಲೀಸ್ ಜೀಪು ಬಂದರೆ ಜೋಳದ ಹೊಲಕ್ಕೆ ಓಡುವ ಆಟ. ಇಲ್ಲಿ ದುಡ್ಡು ಕಾಣಲಿಲ್ಲ. ಸೋಲು ಗೆಲುವಿನ ಲೆಕ್ಕಕ್ಕೆ ಜೋಳದ ಕಾಳು ಇಟ್ಟುಕೊಂಡಿದ್ದರು. ಯಾರೂ ಮಾತಾಡುತ್ತಿರಲಿಲ್ಲ. ಒಬ್ಬ ಅಜ್ಜ ತಲೆ ಎತ್ತದೆಯೇ “ಬರ್ರಿ, ಕೂಡ್ರಿ, ನೆಳ್ಳಿಗೆ ಬರ್ರಿ” ಎಂದರು. ಹಿಂದೆ ಕೂತೆ. ಅವರು ಆಡುತ್ತಿದ್ದದ್ದು ಇಪ್ಪತ್ತೆಂಟು.

ಆಟ ಗೊತ್ತಿಲ್ಲದವರಿಗೆ ಇಷ್ಟು ಹೇಳಬೇಕು. ಎರಡರಿಂದ ಆರರವರೆಗಿನ ಎಲೆ ತೆಗೆದಿಟ್ಟರೆ ಉಳಿಯುವುದು 32. ಎದುರುಬದುರು ಕೂತವರು ಜೊತೆಗಾರರು. ಗುಲಾಮನೇ ಎಲ್ಲಕ್ಕಿಂತ ದೊಡ್ಡವನು, ಅವನಿಗೆ ಮೂರು ಪಾಯಿಂಟು. ಆಮೇಲೆ ಒಂಬತ್ತು, ಅದಕ್ಕೆ ಎರಡು. ಆಮೇಲೆ ಎಕ್ಕ, ಹತ್ತು, ಒಂದೊಂದು. ರಾಜ, ರಾಣಿ, ಎಂಟು, ಏಳು ಇವರೆಲ್ಲ ಕೆಳಗೆ, ಎಲ್ಲರಿಗೂ ಸೊನ್ನೆ. ಒಂದು ಜಾತಿಗೆ ಏಳು ಪಾಯಿಂಟಿನಂತೆ ನಾಲ್ಕು ಜಾತಿಗೆ 28. ರಾಜನನ್ನು ಗುಲಾಮ ಹೊಡೆಯುವ ಈ ಪದ್ಧತಿ ಎಲ್ಲೆಲ್ಲೋ ಇದೆ. ಡಚ್ಚರ ಕ್ಲಾವರ್‌ಯಾಸ್ ಆಟದಲ್ಲಿ ತುರುಫಿನ ಜಾತಿಗೆ ಮಾತ್ರ ಹೀಗೆ. ದಕ್ಷಿಣ ಆಫ್ರಿಕದ ಡರ್ಬನ್ನಿನ ಭಾರತೀಯರು ಆಡುವ ಥುನೀಯಲ್ಲೂ ಗುಲಾಮ, ಒಂಬತ್ತುಗಳೇ ಯಜಮಾನರು.

ಮೊದಲು ತಲಾ ನಾಲ್ಕು ಎಲೆ ಮಾತ್ರ ಹಾಕುತ್ತಾರೆ. ಆ ನಾಲ್ಕನ್ನು ನೋಡಿಯೇ ಸವಾಲು ಕರೆಯಬೇಕು: ನಾನೂ ನನ್ನ ಜೊತೆಗಾರನೂ ಸೇರಿ ಇಷ್ಟು ಪಾಯಿಂಟು ಮಾಡುತ್ತೇವೆ ಅಂತ. ಕನಿಷ್ಠ 14. ಹೆಚ್ಚು ಕರೆದವನು ತುರುಫು ಆರಿಸುತ್ತಾನೆ, ಆದರೆ ಯಾರಿಗೂ ಹೇಳುವುದಿಲ್ಲ. ಆ ಜಾತಿಯ ಒಂದು ಎಲೆಯನ್ನು ಮಗುಚಿ ನೆಲದ ಮೇಲೆ ಇಡುತ್ತಾನೆ. ಆಮೇಲೆ ಉಳಿದ ನಾಲ್ಕು ಎಲೆ ಬರುತ್ತವೆ. ಆಡಿದ ಜಾತಿ ಕೈಯಲ್ಲಿ ಇಲ್ಲದವನು “ತುರುಫು ತೋರ್ಸು” ಎನ್ನುವವರೆಗೆ ಅದು ಗುಟ್ಟು. ಕೇಳಿದವನ ಹತ್ತಿರ ತುರುಫು ಇದ್ದರೆ ಅವನು ಅದನ್ನು ಆಡಲೇಬೇಕು. ಜೊತೆಗಾರನಿಗೂ ಗೊತ್ತಿಲ್ಲದ ತುರುಫು! ಬ್ರಿಜ್‌ನಲ್ಲಿ ಇಂಥದ್ದಿಲ್ಲ. ಅಲ್ಲಿ 13 ಎಲೆಯೂ ಕೈಗೆ ಬಂದ ಮೇಲೆ ಸವಾಲು, ತುರುಫು ಬಹಿರಂಗ, ಒಬ್ಬನ ಎಲೆಗಳು ಮೇಜಿನ ಮೇಲೆ ಅಂಗಾತ. ಹೆರಾಲ್ಡ್ ವ್ಯಾಂಡರ್‌ಬಿಲ್ಟ್ 1925ರಲ್ಲಿ ಪನಾಮಾ ಕಾಲುವೆ ದಾಟುವ ಹಡಗಿನಲ್ಲಿ ಕೂತು ಕಾಂಟ್ರಾಕ್ಟ್ ಬ್ರಿಜ್‌ನ ಲೆಕ್ಕ ಹೊಂದಿಸಿದಾಗ ಇಷ್ಟು ಕತ್ತಲೆಯನ್ನು ಅವನೂ ಒಪ್ಪುತ್ತಿರಲಿಲ್ಲವೇನೋ.

ನಾನು ಕೂತದ್ದು ಹುಡುಗನೊಬ್ಬನ ಬೆನ್ನಿಗೆ. ಟ್ರಾಕ್ಟರ್ ಓಡಿಸುವವನು, ಇಪ್ಪತ್ತು ದಾಟಿರಬಹುದು. ಎದುರಿಗೆ ಅವನ ಜೊತೆಗಾರ ಅಜ್ಜ. ಹುಡುಗನ ಬಲಕ್ಕೆ ನಿವೃತ್ತ ಮೇಷ್ಟ್ರು, ಎಡಕ್ಕೆ ಗೊಬ್ಬರದಂಗಡಿಯವರು. ಅವರಿಬ್ಬರೂ ಒಂದು ಜೋಡಿ. ಆಟ ಬಲಕ್ಕೆ ತಿರುಗುತ್ತದೆ. ಎಲೆ ಹಾಕಿದವನು ಹುಡುಗನಾದ್ದರಿಂದ ಮೇಷ್ಟ್ರದು ಮೊದಲ ಮಾತು. ಮೊದಲನೆಯವರು ಕರೆಯದೆ ಬಿಡುವಂತಿಲ್ಲ.

“ಹದಿನಾಲ್ಕು,” ಎಂದರು ಮೇಷ್ಟ್ರು. ಅಜ್ಜ ಹದಿನೈದು. ಅಂಗಡಿಯವರು ಹದಿನಾರು. ಹುಡುಗ ಪಾಸ್, ಅವನ ನಾಲ್ಕು ಎಲೆ ನನಗೆ ಕಾಣುತ್ತಿತ್ತು: ಕಳಾವರ್ ರಾಣಿ, ಡೈಮನ್ ರಾಜ, ಡೈಮನ್ ಎಂಟು, ಆಟೀನ್ ಏಳು. ಒಂದು ಪಾಯಿಂಟೂ ಇಲ್ಲ. ಮೇಷ್ಟ್ರೂ ಪಾಸ್. ಆಮೇಲೆ ಇಬ್ಬರದೇ ಜಟಾಪಟಿ. ಅಜ್ಜ ಹದಿನೇಳು. ಅಂಗಡಿಯವರು ಹದಿನೆಂಟು, ತಡಮಾಡದೆ. ಅಜ್ಜ ಎಲೆ ಮಡಿಸಿ, ಒಂದು ಬೀಡಿ ಹಚ್ಚುವಷ್ಟು ಹೊತ್ತು ಸುಮ್ಮನಿದ್ದು, “ಹತ್ತೊಂಬತ್ತು” ಎಂದರು. ಅಂಗಡಿಯವರು ಪಾಸ್. ಅಜ್ಜ ಒಂದು ಎಲೆ ಮಗುಚಿಟ್ಟರು.

ಈಗ ಅಜ್ಜನ ಕಡೆಗೆ 19 ಬೇಕು. ಎದುರಿನವರು 10 ಮಾಡಿಕೊಂಡರೆ ಆಟ ಹೋಯಿತು. ಎರಡನೆಯ ಕಂತಿನಲ್ಲಿ ಹುಡುಗನಿಗೆ ಬಂದವು: ಕಳಾವರ್ ಎಕ್ಕ, ಇಸ್ಪೀಟ್ ಹತ್ತು, ಡೈಮನ್ ಹತ್ತು, ಡೈಮನ್ ರಾಣಿ.

ಮೇಷ್ಟ್ರು ಇಸ್ಪೀಟ್ ಗುಲಾಮನನ್ನು ಇಳಿಸಿದರು. ಅಜ್ಜ ಎಂಟು. ಅಂಗಡಿಯವರು ಜೊತೆಗಾರ ಗೆಲ್ಲುತ್ತಿರುವುದು ಕಂಡು ಎಕ್ಕವನ್ನೇ ಕೊಟ್ಟರು. ಹುಡುಗ ಬೇರೆ ದಾರಿಯಿಲ್ಲದೆ ಇದ್ದೊಂದು ಹತ್ತನ್ನು ಹಾಕಿದ. ಒಂದೇ ಸುತ್ತಿಗೆ ಐದು ಪಾಯಿಂಟು ಎದುರಿನವರಿಗೆ.

ಮುಂದಿನ ಎಲೆಯನ್ನು ಮೇಷ್ಟ್ರು ಬಿಟ್ಟ ರೀತಿ ಕಂಡು ನಾನು ಬಗ್ಗಿ ಕೂತೆ. ಅವರ ಕೈಯಲ್ಲಿ ಇಸ್ಪೀಟ್ ಒಂಬತ್ತು ಇತ್ತು, ಆಮೇಲೆ ತಿಳಿಯಿತು. ಗುಲಾಮ ಹೋದ ಮೇಲೆ ಅದೇ ದೊಡ್ಡದು. ಅದನ್ನು ಆಡಲಿಲ್ಲ, ಏಳನ್ನು ಬಿಟ್ಟರು. ಯಾಕೆಂದರೆ ಹುಡುಗ ಹತ್ತು ಕೊಟ್ಟಿದ್ದ. ಕೈಯಲ್ಲಿ ಇನ್ನೊಂದು ಇಸ್ಪೀಟ್ ಇದ್ದವನು ಎದುರಾಳಿಯ ಗುಲಾಮನಿಗೆ ಪಾಯಿಂಟು ದಾನ ಮಾಡುವುದಿಲ್ಲ. ಹುಡುಗನ ಹತ್ತಿರ ಇಸ್ಪೀಟ್ ಮುಗಿದಿದೆ. ಒಂಬತ್ತು ಆಡಿದರೆ ಅವನು ತುರುಫು ಕೇಳಿ ಹೊಡೆಯುತ್ತಾನೆ, ಎರಡು ಪಾಯಿಂಟು ಹೋಗುತ್ತದೆ. ಏಳು ಆಡಿದರೂ ಹೊಡೆಯುತ್ತಾನೆ, ಆದರೆ ಅವನಿಗೆ ಸಿಗುವುದು ಸೊನ್ನೆ. ಗುಟ್ಟು ಮಾತ್ರ ಬಯಲು, ತುರುಫೊಂದು ಖರ್ಚು. ಏಳು ಗಾಳಕ್ಕೆ ಸಿಕ್ಕಿಸಿದ ಎರೆಹುಳು.

ಅಜ್ಜ ರಾಣಿ ಹಾಕಿದರು, ಅಂಗಡಿಯವರು ರಾಜ. ಏಳು, ರಾಣಿ, ರಾಜ, ಮೂರೂ ಸೊನ್ನೆ. ಸುತ್ತು ಅಂಗಡಿಯವರ ಕಡೆ. ಹುಡುಗನ ಸರದಿ. ಅವನ ಕಿವಿಯ ಹಿಂದೆ ಜೋಳದ ಸಿಪ್ಪೆಯ ಧೂಳು ಬೆವರಿಗೆ ಅಂಟಿಕೊಂಡಿತ್ತು. ಹೆಬ್ಬೆರಳು ಕಳಾವರ್ ರಾಣಿಯ ಮೇಲೆ ಹೋಯಿತು, ಡೈಮನ್ನಿನ ಮೇಲೆ ಹೋಯಿತು, ಕೊನೆಗೆ ಆಟೀನ್ ಏಳನ್ನು ಎಳೆದು ಮೆಲ್ಲಗೆ ಬಿಟ್ಟ. ತುರುಫು ಕೇಳಲೇ ಇಲ್ಲ.

ನಮ್ಮ ಕ್ಲಬ್ಬಿನಲ್ಲಿ ಬಹುಪಾಲು ಕೈಗಳು ಅಲ್ಲಿ ತುರುಫು ಹೊಡೆದುಬಿಡುತ್ತಿದ್ದವು. ಗೆಲ್ಲಲು ಸಿಕ್ಕ ಸುತ್ತನ್ನು ಗೆಲ್ಲದೆ ಬಿಡುವುದಕ್ಕೆ ಒಂಥರಾ ಧೈರ್ಯ ಬೇಕು. ಬ್ರಿಜ್ ಪುಸ್ತಕಗಳಲ್ಲಿ ಈ ವರಸೆಗೆ ಹೆಸರಿದೆ, ಅಧ್ಯಾಯವಿದೆ: ಹೇಗಿದ್ದರೂ ಕಳೆದುಕೊಳ್ಳಬೇಕಾದ ಎಲೆಯನ್ನು ಹೇಗಿದ್ದರೂ ಸೋಲುವ ಸುತ್ತಿಗೆ ಎಸೆದು, ಇನ್ನೊಂದು ಜಾತಿಯಲ್ಲಿ ಕೈ ಖಾಲಿ ಮಾಡಿಕೊಳ್ಳುವುದು. ಹುಡುಗನ ಹತ್ತಿರ ಇದ್ದದ್ದು ಒಂದೇ ಆಟೀನು. ಈಗ ಅದೂ ಇಲ್ಲ.

ಆಡುವ ಹಕ್ಕು ಅಂಗಡಿಯವರದು. ಅವರು ಆಟೀನ್ ಗುಲಾಮನನ್ನು ಟಪ್ಪನೆ ಇಳಿಸಿದರು, ಮೂರು ಪಾಯಿಂಟಿನ ಯಜಮಾನ. ಹುಡುಗ ಈಗ ಬಾಯಿ ಬಿಟ್ಟ: “ಅಜ್ಜಾ, ತುರುಫು.” ಮಗುಚಿಟ್ಟ ಎಲೆ ತಿರುಗಿತು. ಕಳಾವರ್ ಏಳು. ಹುಡುಗ ಕಳಾವರ್ ರಾಣಿಯಿಂದ ಗುಲಾಮನನ್ನು ಹೊಡೆದ. ಮೇಷ್ಟ್ರು ಆಟೀನ್ ರಾಣಿ ಹಾಕಿ ಅಂಗಡಿಯವರ ಮುಖ ನೋಡಿದರು. ಅಜ್ಜನ ಆಟೀನ್ ಎಂಟು ಅದೇ ಸುತ್ತಿನಲ್ಲಿ ಹೋಯಿತು, ಅಜ್ಜನಿಗಿದ್ದ ಒಂದೇ ಒಂದು ಕೆಟ್ಟ ಎಲೆ.

ಉಳಿದದ್ದು ಬೇಗ ಮುಗಿಯಿತು. ಹುಡುಗ ಕಳಾವರ್ ಎಕ್ಕ ಆಡಿದ. ಮೇಷ್ಟ್ರ ಹತ್ತು, ಅಂಗಡಿಯವರ ಎಂಟು ಬಿದ್ದು ಎದುರಿನವರ ತುರುಫು ಖಾಲಿ. ಡೈಮನ್ ಹತ್ತು ಆಡಿದ, ಮೇಷ್ಟ್ರ ಎಕ್ಕವನ್ನೂ ಸೇರಿಸಿ ಅಜ್ಜನ ಡೈಮನ್ ಗುಲಾಮ ಬಾಚಿಕೊಂಡಿತು. ಆಮೇಲೆ ಅಜ್ಜ ಕಳಾವರ್ ಗುಲಾಮ, ಒಂಬತ್ತು, ರಾಜ ಮೂರನ್ನೂ ಒಟ್ಟಿಗೆ ತಾಡಪಾಲಿನ ಮೇಲೆ ಹರವಿದರು. ಎದುರಿನವರ ಲೆಕ್ಕ ಮೊದಲ ಸುತ್ತಿನ ಐದಕ್ಕೇ ನಿಂತಿತು. ಅಜ್ಜನ ಕಡೆಗೆ 23.

ನಿಜವಾದ ಆಟ ಶುರುವಾದದ್ದು ಆಮೇಲೆ. ಅಷ್ಟು ಹೊತ್ತು ಮೌನವಾಗಿದ್ದ ನಾಲ್ವರೂ ಒಟ್ಟಿಗೆ ಬಾಯಿ ತೆರೆದರು.

“ಆಟೀನು ಬಿಟ್ಟವನ ಎದುರಿಗೇ ಆಟೀನು ಆಡೋದೇನ್ರಿ?” ಮೇಷ್ಟ್ರು ಅಂಗಡಿಯವರ ಮೇಲೆ ಎಗರಿದರು.

“ತುರುಫು ಇದ್ದಿದ್ರೆ ಇಸ್ಪೀಟಿಗೇ ಹೊಡೀತಿದ್ನಲ್ಲ ಸರ. ಕೇಳ್ಲಿಲ್ಲ ಅಂದ್ರೆ ಅವನ ಕೈ ಸತ್ತೈತಿ ಅಂತ ತಿಳ್ಕಂಡೆ.”

ನನಗೆ ರೋಮಾಂಚನವಾದದ್ದು ಈ ಉತ್ತರ ಕೇಳಿ. ಹುಡುಗ ಎಸೆದ ಏಳಿಗಿಂತ ಅವನು ಕೇಳದೆ ಬಿಟ್ಟ ಪ್ರಶ್ನೆ ಹೆಚ್ಚು ಕೆಲಸ ಮಾಡಿತ್ತು. ಗುಲಾಮ ಕೈಯಲ್ಲಿಟ್ಟುಕೊಂಡು ಹೆದರುತ್ತ ಕೂತಿದ್ದ ಅಂಗಡಿಯವರಿಗೆ ಆ ಮೌನವೇ ಅಭಯ ಕೊಟ್ಟಿತು. ಬ್ರಿಜ್‌ನಲ್ಲಿ ನಾವು ಸವಾಲಿನ ಪ್ರತಿಯೊಂದು ಮಾತಿಗೂ ಅರ್ಥ ಕಟ್ಟಿ, ಬರೆದಿಟ್ಟು, ಎದುರಾಳಿ ಕೇಳಿದರೆ ವಿವರಿಸಿ ಆಡುತ್ತೇವೆ. ದೊಡ್ಡ ಪಂದ್ಯಗಳಲ್ಲಿ ಬಾಯಲ್ಲಿ ಹೇಳುವಂತೆಯೇ ಇಲ್ಲ. ಪೆಟ್ಟಿಗೆಯಿಂದ ಚೀಟಿ ತೆಗೆದಿಡಬೇಕು, ಜೊತೆಗಾರನ ಮುಖ ಕಾಣದ ಹಾಗೆ ಮೇಜಿನ ಮಧ್ಯೆ ಪರದೆ. ಇಲ್ಲಿ ಪರದೆಯಿಲ್ಲ, ಚೀಟಿಯಿಲ್ಲ. ಆದರೂ ಅಜ್ಜ ಜೋಳದ ಧೂಳಿಗೆ ಒಮ್ಮೆ ಕೆಮ್ಮಿದ್ದಕ್ಕೆ ಮೇಷ್ಟ್ರು “ಕೆಮ್ಮೋದಿದ್ರೆ ಎದ್ದ್ಹೋಗಿ ಕೆಮ್ಮು ಮಾರಾಯ” ಎಂದಿದ್ದರು. ನಕ್ಕೆ. ನಗಬಾರದಿತ್ತು: 2013ರಲ್ಲಿ ಬಾಲಿಯಲ್ಲಿ ನಡೆದ ಹಿರಿಯರ ವಿಶ್ವ ಬ್ರಿಜ್ ಪಂದ್ಯದಲ್ಲಿ ಗೆದ್ದ ಜರ್ಮನ್ ತಂಡದ ಇಬ್ಬರು ವೈದ್ಯರು ಕೆಮ್ಮಿನ ಲೆಕ್ಕದಲ್ಲೇ ಸುದ್ದಿ ದಾಟಿಸಿದರೆಂದು ವಿಶ್ವ ಬ್ರಿಜ್ ಫೆಡರೇಷನ್ ಮರುವರ್ಷ ತೀರ್ಮಾನಿಸಿತ್ತು. ಈ ಕಥೆ ಹೇಳಿದಾಗ ಮೇಷ್ಟ್ರಿಗೆ ಆದ ಸಂತೋಷ ಅಷ್ಟಿಷ್ಟಲ್ಲ.

“ಹುಡುಗ ಇಸ್ಪೀಟಿಗೇ ಹೊಡೆದಿದ್ರೆ ಏನಾಗ್ತಿತ್ತು?” ಎಂದು ಕೇಳಿದೆ. ಮೇಷ್ಟ್ರು ಮಾತಾಡದೆ ಎಲ್ಲ ಎಲೆಗಳನ್ನೂ ಒಟ್ಟು ಮಾಡಿ, ಯಾರ ಕೈಯಲ್ಲಿ ಯಾವುದಿತ್ತೋ ಹಾಗೆಯೇ, 32 ಎಲೆಯನ್ನೂ ನಾಲ್ಕು ಸಾಲಾಗಿ ಅಂಗಾತ ಜೋಡಿಸಿಬಿಟ್ಟರು. ಒಂದು ಎಲೆಗೂ ಯಾರನ್ನೂ ಕೇಳಲಿಲ್ಲ. 32 ಎಲೆಯನ್ನು ನಾಲ್ವರಿಗೆ ಹಂಚುವ ಬಗೆಗಳು ಸಾವಿರ ಕೋಟಿ ಕೋಟಿಗೆ ಸ್ವಲ್ಪವೇ ಕಡಿಮೆ. ಅದರಲ್ಲೊಂದನ್ನು, ಮುಗಿದುಹೋದ ಆಟವನ್ನು, ಒಬ್ಬ ಮನುಷ್ಯ ಬೀದಿಬದಿಯಲ್ಲಿ ಕೂತು ನೆನಪಿನಿಂದ ಮತ್ತೆ ಹರವುತ್ತಿದ್ದ. ಬಳ್ಳಿಗಾವೆಯ ಶಿಲ್ಪಕ್ಕೆ ಇಟ್ಟುಕೊಂಡಿದ್ದ ಬೆರಗಿನಲ್ಲಿ ಅರ್ಧ ಅಲ್ಲೇ ಖರ್ಚಾಯಿತು.

ತೆರೆದ ಎಲೆಗಳಲ್ಲಿ ಮತ್ತೆ ಆಡಿದರು. ಹುಡುಗ ಎರಡನೆಯ ಸುತ್ತನ್ನು ಕಳಾವರ್ ರಾಣಿಯಿಂದ ಹೊಡೆದ: ಸೊನ್ನೆ. ಕಳಾವರ್ ಎಕ್ಕದಿಂದ ತುರುಫು ಎಳೆದ: ಎರಡು. ಡೈಮನ್ ಹತ್ತಕ್ಕೆ ಗುಲಾಮ: ಐದು. ಅಜ್ಜನ ಮೂರು ಕಳಾವರ್‌ಗಳೂ ಗೆದ್ದವು. ಆದರೆ ಈ ಸಲ ಅಜ್ಜನ ಕೈಯಲ್ಲಿ ಆಟೀನ್ ಎಂಟು ಉಳಿದೇ ಇತ್ತು. ಕೊನೆಯ ಸುತ್ತಿಗೆ ಅದು ಬಿತ್ತು, ಅಂಗಡಿಯವರ ಆಟೀನ್ ಗುಲಾಮ ಕಾದು ಕೂತಿತ್ತು, ಮೇಷ್ಟ್ರು ತಾವು ಉಳಿಸಿಕೊಂಡ ಒಂಬತ್ತನ್ನು ಅದರ ಮೇಲೆ ಹಾಕಿದರು. ಮೂರು ಮತ್ತು ಎರಡು, ಐದು. ಮೊದಲಿನ ಐದು ಸೇರಿ ಹತ್ತು. ಅಜ್ಜನಿಗೆ 18. ಒಂದು ಪಾಯಿಂಟಿಗೆ ಸೋಲು. ಅಜ್ಜ ಆಟೀನ್ ಎಂಟನ್ನು ಮೊದಲೇ ಆಡಿದರೆ? ಅದನ್ನೂ ನೋಡಿದರು. ಆಗ ಮೇಷ್ಟ್ರು ಗುಲಾಮನ ಕೆಳಗೆ ಆಟೀನ್ ಒಂಬತ್ತು ಕೊಡುತ್ತಾರೆ, ಮತ್ತದೇ ಐದು.

ಡೂಪ್ಲಿಕೇಟ್ ಬ್ರಿಜ್ ಎಂಬ ಪದ್ಧತಿ ಇರುವುದೇ ಇದಕ್ಕೆ. ಅದೇ ಹಂಚಿಕೆಯನ್ನು ಬೇರೆ ಬೇರೆ ಮೇಜುಗಳಲ್ಲಿ ಆಡಿಸಿ, ಅದೃಷ್ಟವನ್ನು ಸೋಸಿ, ನಿರ್ಧಾರಗಳನ್ನಷ್ಟೇ ತೂಗುತ್ತಾರೆ. 2018ರ ಜಕಾರ್ತ ಏಷ್ಯನ್ ಗೇಮ್ಸ್‌ನಲ್ಲಿ ಬ್ರಿಜ್ ಮೊದಲ ಸಲ ಪದಕದ ಆಟವಾದಾಗ ಪುರುಷರ ಜೋಡಿ ವಿಭಾಗದ ಚಿನ್ನವನ್ನು ಅರವತ್ತರ ಪ್ರಣಬ್ ಬರ್ಧನ್ ಮತ್ತು ಐವತ್ತಾರರ ಶಿಬ್‌ನಾಥ್ ಸರ್ಕಾರ್ ಭಾರತಕ್ಕೆ ತಂದರು. ಎಲೆಯಾಟದಲ್ಲಿ ಚಿನ್ನವೇ ಎಂದು ಹಲವರು ಮೂಗು ಮುರಿದದ್ದು ನೆನಪಿದೆ. ನಮ್ಮ ನಾಡಿನಲ್ಲಂತೂ ಹಾಗೆ ಮೂಗು ಮುರಿಯಬಾರದು. ಮುಮ್ಮಡಿ ಕೃಷ್ಣರಾಜ ಒಡೆಯರು ಶ್ರೀತತ್ತ್ವನಿಧಿಯ ಕೌತುಕನಿಧಿಯಲ್ಲಿ ಗಂಜೀಫಾದ ಬಗೆಗಳನ್ನು ಬರೆಸಿಟ್ಟಿದ್ದಾರೆ. ಅವುಗಳಲ್ಲಿ ದೊಡ್ಡದಕ್ಕೆ 360 ಎಲೆ. ಸುಪ್ರೀಂ ಕೋರ್ಟು ಕೂಡ 1967ರಲ್ಲಿ, ಸಿಕಂದರಾಬಾದಿನ ಕ್ಲಬ್ಬೊಂದರ ಮೊಕದ್ದಮೆಯಲ್ಲಿ, ಬಿದ್ದ ಎಲೆ ನೆನಪಿಡಬೇಕಾದ ರಮ್ಮಿ ಬ್ರಿಜ್‌ನ ಹಾಗೆಯೇ ಮುಖ್ಯವಾಗಿ ಜಾಣ್ಮೆಯ ಆಟ, ಬರೀ ಅದೃಷ್ಟದ್ದಲ್ಲ ಎಂದಿತ್ತು. ಸವಳಂಗದ ಮೇಷ್ಟ್ರನ್ನು ಕಂಡಿದ್ದರೆ ನ್ಯಾಯಾಧೀಶರು ತೀರ್ಪನ್ನು ಇನ್ನೂ ಒಂದು ಪುಟ ಬೆಳೆಸುತ್ತಿದ್ದರು.

ನನಗೆ ಉಳಿದ ಸಂಶಯ ಸವಾಲಿನದು. ಅಜ್ಜ ಮೊದಲು ಕಂಡ ನಾಲ್ಕು ಎಲೆ: ಕಳಾವರ್ ಗುಲಾಮ, ಒಂಬತ್ತು, ಏಳು, ಮತ್ತು ಡೈಮನ್ ಗುಲಾಮ. ಎಂಟು ಪಾಯಿಂಟು. ಒಳ್ಳೆಯ ಕೈ, ಹದಿನೇಳಕ್ಕೆ ಧಾರಾಳ, ಹದಿನೆಂಟಕ್ಕೆ ಬಿಗಿ. ಹತ್ತೊಂಬತ್ತು ದುಡುಕಲ್ಲವೇ ಎಂದು ಕೇಳಿದೆ.

ಅಜ್ಜ ಬೀಡಿಯ ಬೂದಿ ಕೊಡವಿದರು. “ಅಂಗಡಿಯಪ್ಪ ಹದಿನೆಂಟು ಅಂದ್ನಲ್ರಿ. ಎರಡು ಗುಲಾಮ ನನ್ ಕೈಲಿ. ಹಂಗಿದ್ರೂ ಅವನು ಅಷ್ಟು ಮ್ಯಾಲೆ ಬಂದ ಅಂದ್ರೆ ಇಸ್ಪೀಟೋ ಆಟೀನೋ, ಒಂದೇ ಜಾತಿ ಕೈತುಂಬ ಕೂತೈತಿ ಅಂತ ಆತು. ಅವನ ಕೈ ತುಂಬಿದ ಜಾತಿ ನಮ್ಮ ಹುಡುಗನ ಹತ್ರ ಎಲ್ಲಿಂದ ಬರ್ಬೇಕು? ಹುಡುಗ ಹೊಡೀತಾನೆ.”

ಅಂಗಡಿಯವರ ಮೊದಲ ನಾಲ್ಕು ಎಲೆ ನಾಲ್ಕೂ ಆಟೀನೇ ಆಗಿದ್ದವು: ಗುಲಾಮ, ಎಕ್ಕ, ಹತ್ತು, ರಾಜ. ಎದುರಾಳಿಯ ಬಲವಾದ ಸವಾಲನ್ನೇ ತನ್ನ ಜೊತೆಗಾರನ ಕೈ ಓದುವ ಕನ್ನಡಕ ಮಾಡಿಕೊಳ್ಳುವುದನ್ನು ನಾನು ಕಲಿಯಲು ದಪ್ಪ ದಪ್ಪ ಪುಸ್ತಕ ಬೇಕಾಯಿತು. ಅಜ್ಜ ಹುಡುಗನ ಕೈಯಲ್ಲಿ ಏನಿದೆ ಎಂದು ಊಹಿಸಿ ಹತ್ತೊಂಬತ್ತು ಕರೆದಿರಲಿಲ್ಲ, ಏನಿಲ್ಲ ಎಂದು ಊಹಿಸಿ ಕರೆದಿದ್ದರು. ಆ ‘ಇಲ್ಲ’ವನ್ನು ಹುಡುಗ ಇನ್ನಷ್ಟು ಖಾಲಿ ಮಾಡಿಕೊಂಡು ನಿಜಮಾಡಿದ್ದ.

ಮೇಷ್ಟ್ರು ಒಪ್ಪಲಿಲ್ಲ. ಹದಿನೆಂಟರಲ್ಲೇ ಅಂಗಡಿಯವರನ್ನು ಬಿಟ್ಟಿದ್ದರೆ ಅವರು ಮುಳುಗುತ್ತಿದ್ದರು, ಸುಮ್ಮನಿದ್ದು ಕಾಳು ಗಳಿಸಬಹುದಿತ್ತು ಎಂಬುದು ಅವರ ವಾದ. ಇರಬಹುದು. ಆಟೀನು ತುರುಫಾಗಿದ್ದರೆ ಹೇಗೆ ಬರುತ್ತಿತ್ತು ಎಂದು ನೋಡಲು ಎಲೆಗಳನ್ನು ಮತ್ತೆ ನಾಲ್ಕು ಸಾಲು ಮಾಡಿದರು. ಅಷ್ಟರಲ್ಲಿ ಜೋಳ ತುಂಬುವ ಲಾರಿ ಬಂತೆಂದು ಅಂಗಡಿಯವರಿಗೆ ಕರೆ ಬಂತು. ಎದ್ದರು. ಹುಡುಗ ತಿರುಗಿ ನನ್ನನ್ನು ನೋಡಿ, “ಸರ, ನೀವು ಬರ್ರಿ ಅವರ ಜಾಗಕ್ಕೆ” ಎಂದ. ಶಿಕಾರಿಪುರದ ಬಸ್ಸು ಕೆರೆಯ ತಿರುವಿನಲ್ಲಿ ಹಾರನ್ ಹೊಡೆಯುತ್ತಿತ್ತು. ಮೇಷ್ಟ್ರು ತೆರೆದಿಟ್ಟ ಎಲೆಗಳ ಮೇಲಿಂದ ಕಣ್ಣು ತೆಗೆಯದೆ ಹೇಳಿದರು, “ಬರೋದಾದ್ರೆ ಬರ್ರಿ. ಆಟೀನು ಬಿಟ್ಟವನ ಎದುರಿಗೆ ಮಾತ್ರ ಆಟೀನು ಆಡ್ಬ್ಯಾಡ್ರಿ.”